ಕಸೆ ಸೀರೆಯ ಕೆಂಪು ಕಾಗದಕ್ಕೆ ಇಳಿದ ಬಗೆ

ರಾತ್ರಿ ಯಕ್ಷಗಾನ ಬಯಲಾಟದ ಫೋಟೋ ತೆಗೆಯುವವರಿಗೆ ಟ್ಯೂಬ್‌ಲೈಟಿನಷ್ಟು ಕಾಟ ಕೊಟ್ಟಿದ್ದು ಬೇರೆ ಯಾವುದೂ ಇಲ್ಲ. ಕಲರ್ ರೀಲು ತಯಾರಾಗುತ್ತಿದ್ದದ್ದು ಹಗಲಿನ ಬೆಳಕಿಗೆ. ಅದನ್ನೇ ಟ್ಯೂಬ್‌ಲೈಟಿನ ಕೆಳಗೆ ಬಳಸಿದರೆ ವೇಷಧಾರಿಯ ಮುಖವೆಲ್ಲ ಹಸಿರು. ಪಕ್ಕದಲ್ಲಿ ಹ್ಯಾಲೋಜನ್ ದೀಪವೂ ಇದ್ದರೆ ಅರ್ಧ ಮುಖ ಹಸಿರು, ಇನ್ನರ್ಧ ಕಿತ್ತಳೆ. ಎಫ್‌ಎಲ್‌ಡಿ ಅನ್ನುವ ಗುಲಾಬಿ ಛಾಯೆಯ ಫಿಲ್ಟರ್ ಸಿಗುತ್ತಿತ್ತು. ಅದನ್ನು ಹಾಕಿದರೆ ಹಸಿರು ಹೋಗುತ್ತಿತ್ತು, ಜೊತೆಗೆ ಸುಮಾರು ಒಂದು ಸ್ಟಾಪ್, ಅಂದರೆ ಅರ್ಧದಷ್ಟು, ಬೆಳಕೂ ಹೋಗುತ್ತಿತ್ತು. ಮೊದಲೇ ಬೆಳಕು ಕಡಿಮೆ ಇರುವ ರಂಗಸ್ಥಳದಲ್ಲಿ ಅಷ್ಟು ಕಳೆದುಕೊಂಡರೆ ಕುಣಿತ ಹಿಡಿಯುವುದು ಆಗದ ಮಾತು.

ಹಾಗಾಗಿ ನಾನು ಬಹುಕಾಲ ಬಡಗುತಿಟ್ಟಿನ, ಅಂದರೆ ಯಕ್ಷಗಾನದ ಉತ್ತರದ ಶೈಲಿಯ, ಆಟವನ್ನು ಕಪ್ಪು-ಬಿಳುಪಿನಲ್ಲೇ ತೆಗೆದೆ. ನಿಕಾನ್ ಎಫ್‌ಎಂ2 ಕ್ಯಾಮೆರಾ, 50 ಎಂಎಂ ಮತ್ತು 105 ಎಂಎಂ ಲೆನ್ಸು, ಇಲ್ಫರ್ಡ್ ಎಚ್‌ಪಿ5 ರೀಲು. 400 ಐಎಸ್‌ಒ (ಬೆಳಕು ಹಿಡಿಯುವ ವೇಗದ ಅಳತೆ) ಫಿಲಂ ಅನ್ನು 1600 ಅಂತಲೇ ಲೆಕ್ಕ ಹಿಡಿದು ತೆಗೆಯುವುದು, ಆಮೇಲೆ ತೊಳೆಯುವಾಗ ಡೆವಲಪರಿನಲ್ಲಿ ಹೆಚ್ಚುಕಡಿಮೆ ದುಪ್ಪಟ್ಟು ಹೊತ್ತು ಇಟ್ಟು ಆ ಕೊರತೆ ತುಂಬುವುದು. ಮನೆಯ ಬಚ್ಚಲೇ ಡಾರ್ಕ್‌ರೂಮು. ಡಿ-76 ಡೆವಲಪರ್ 20 ಡಿಗ್ರಿಯಲ್ಲಿ ಇರಬೇಕು. ನಮ್ಮ ಕರಾವಳಿಯ ನಲ್ಲಿ ನೀರು ಬೇಸಿಗೆಯಲ್ಲಿ ಅದಕ್ಕಿಂತ ಎಷ್ಟೋ ಬಿಸಿ. ಬಕೆಟಿಗೆ ಐಸ್ ಗಡ್ಡೆ ಹಾಕಿ ಅದರೊಳಗೆ ಡೆವಲಪರ್ ಬಾಟಲಿ ಇಡುತ್ತಿದ್ದೆ. ಪೇಪರ್ ಮಾತ್ರ ನಮ್ಮದೇ ದೇಶದ್ದು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯಿಂದ ‘ಇಂದು’ ಹೆಸರಿನಲ್ಲಿ ಬರುತ್ತಿದ್ದ ಬ್ರೋಮೈಡ್ ಪೇಪರ್.

ಪ್ರಿಂಟ್ ಅಂದರೆ ಏನು ಅಂತ ನಾನು ಕಲಿತದ್ದು ಆ ಬಚ್ಚಲಲ್ಲೇ. ನೆಗೆಟಿವ್ ಒಂದೇ ಇದ್ದರೂ ಅದರಿಂದ ಬರುವ ಪ್ರಿಂಟು ನೂರು ಬಗೆ. ನೆಗೆಟಿವ್ ಅನ್ನು ದೊಡ್ಡದು ಮಾಡಿ ಕಾಗದದ ಮೇಲೆ ಬೀಳಿಸುವ ಎನ್‌ಲಾರ್ಜರಿನ ಕೆಳಗೆ ಪೇಪರಿನ ಒಂದು ಪಟ್ಟಿ ಇಟ್ಟು, ರಟ್ಟಿನಿಂದ ಸ್ವಲ್ಪ ಸ್ವಲ್ಪವೇ ಮುಚ್ಚುತ್ತಾ ಐದೈದು ಸೆಕೆಂಡಿನ ಟೆಸ್ಟ್ ಪಟ್ಟಿ ತೆಗೆಯುವುದು. ಮುಖಕ್ಕೆ ಯಾವ ಹೊತ್ತು ಸರಿ, ಕಿರೀಟಕ್ಕೆ ಯಾವುದು ಸರಿ ಅಂತ ಅದರಲ್ಲೇ ಗೊತ್ತಾಗುತ್ತಿತ್ತು. ಮುಖಕ್ಕೆ ಸಾಕು ಅನ್ನುವಾಗ ತಂತಿಗೆ ಸಿಕ್ಕಿಸಿದ ಸಣ್ಣ ರಟ್ಟಿನ ಬಿಲ್ಲೆಯನ್ನು ಮುಖದ ಮೇಲೆ ಆಡಿಸುತ್ತಾ ನೆರಳು ಕೊಡುವುದು. ಕಿರೀಟದ ಬೇಗಡೆ ಹೊಳಪಿಗೆ ಇನ್ನಷ್ಟು ಬೆಳಕು ಕುಡಿಸುವುದು. ಕೈ ಒಂದೇ ಕಡೆ ನಿಂತರೆ ಬಿಲ್ಲೆಯ ಅಂಚು ಪ್ರಿಂಟಿನಲ್ಲಿ ಕಾಣುತ್ತದೆ. ಅದಕ್ಕೇ ಕೈ ಸದಾ ಅಲುಗುತ್ತಿರಬೇಕು. ಕೆಂಪು ಬಲ್ಬಿನಡಿ ಟ್ರೇಯಲ್ಲಿ ಎದೆಕಟ್ಟು, ಭುಜಕೀರ್ತಿ, ಕಣ್ಣು ಒಂದೊಂದಾಗಿ ಮೂಡಿ ಬರುವುದನ್ನು ನೋಡಿದವರಿಗೆ ಪ್ರಿಂಟಿನ ಆಸೆ ಯಾವತ್ತೂ ಬಿಡುವುದಿಲ್ಲ.

ಆದರೂ ನನಗೆ ಬಣ್ಣ ಬೇಕಿತ್ತು. ಯಕ್ಷಗಾನದಿಂದ ಬಣ್ಣ ತೆಗೆದರೆ ಅರ್ಧ ವೇಷ ಹೋದ ಹಾಗೆ ಅಲ್ವಾ? ವೇಷಧಾರಿ ಕಚ್ಚೆ ಹಾಕಿ ಉಡುವ ಕಸೆ ಸೀರೆಯ ಕೆಂಪು ಹಳದಿ ಚೌಕುಳಿ, ಬಣ್ಣದ ವೇಷದ (ರಾಕ್ಷಸ ಪಾತ್ರದ) ಮುಖದ ಮೇಲಿನ ಬಿಳಿ ಚುಕ್ಕಿಗಳ ಚಿಟ್ಟಿ, ಸ್ತ್ರೀವೇಷದ ಸೀರೆಯ ಹಸಿರು. 2004ರಲ್ಲಿ ನಿಕಾನ್ ಡಿ70 ಬಂತು. ಬೆಳಕಿನ ಬಣ್ಣವನ್ನು ಕ್ಯಾಮೆರಾದಲ್ಲೇ, ಬೇಕಾದರೆ ಆಮೇಲೆ ಮನೆಯಲ್ಲೂ ಸರಿ ಮಾಡಬಹುದು ಅಂತ ಗೊತ್ತಾದಾಗ ನಾನು ಡಿಜಿಟಲ್ ಕಡೆ ಹೊರಟೆ. ರೀಲಿನ ಖರ್ಚು ಉಳಿಯುತ್ತದೆ ಅನ್ನುವುದು ನನಗೆ ಮುಖ್ಯವಾಗಿರಲಿಲ್ಲ. ಟ್ಯೂಬ್‌ಲೈಟಿನ ಹಸಿರಿನಿಂದ ಬಿಡುಗಡೆ ಸಿಕ್ಕಿದರೆ ಸಾಕಿತ್ತು.

ಹಳೆಯ ಲೆನ್ಸುಗಳು ಡಿ70ಗೆ ಕೂರುತ್ತವೆ, ಆದರೆ ಬೆಳಕು ಅಳೆಯುವ ಮೀಟರ್ ಕೆಲಸ ಮಾಡುವುದಿಲ್ಲ. ಕೈಯಲ್ಲೇ ಲೆಕ್ಕ ಹಾಕಿ ತೆಗೆಯಬೇಕು. ಸೆನ್ಸರ್ 35 ಎಂಎಂ ಫಿಲಂಗಿಂತ ಚಿಕ್ಕದು, ಹಾಗಾಗಿ 50 ಎಂಎಂ ಲೆನ್ಸು 75ರ ಹಾಗೆ ನಡೆದುಕೊಳ್ಳುತ್ತದೆ. ಆಟದ ಫೋಟೋಕ್ಕೆ ಅದೇ ಒಳ್ಳೆಯದಾಯಿತು. ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕೂತರೆ ಒಂದು ವೇಷ ಸರಿಯಾಗಿ ತುಂಬುತ್ತಿತ್ತು.

ಟ್ಯೂಬ್‌ಲೈಟು ಮಾತ್ರ ಬೇರೆ ರೂಪದಲ್ಲಿ ಬೆನ್ನು ಹತ್ತಿತು. ನಮ್ಮ ಕರೆಂಟು 50 ಹರ್ಟ್ಸಿನದು. ಹಳೆಯ ಚೋಕ್ ಇರುವ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಹೆಚ್ಚು ಕಡಿಮೆ ಆಗುತ್ತಿರುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಶಟರಿಗೆ ಗೊತ್ತಾಗುತ್ತದೆ. 1/250 ಸೆಕೆಂಡಿನಲ್ಲಿ ಒಂದರ ಹಿಂದೆ ಒಂದು ತೆಗೆದರೆ ಒಂದು ಫೋಟೋ ಬೆಳ್ಳಗೆ, ಇನ್ನೊಂದು ಕಂದು, ಮತ್ತೊಂದು ಮಂಕು. 1/100 ಅಥವಾ 1/50 ಇಟ್ಟರೆ ಬಣ್ಣ ನಿಲ್ಲುತ್ತದೆ. ಆದರೆ ಮಂಡಿ ಕುಣಿತ ಹಾಕುವ ವೇಷ 1/100ಕ್ಕೆ ನಿಲ್ಲುತ್ತದೆಯೇ? ಅದಕ್ಕೆ ದಾರಿ ಒಂದೇ. ಭಾಗವತರ ಪದ, ಮದ್ದಳೆ, ಚಂಡೆ ಕೇಳುತ್ತಾ ಕೂರುವುದು. ಮುಕ್ತಾಯ ಬಿದ್ದ ಕೂಡಲೇ ವೇಷಧಾರಿ ಒಂದು ಕ್ಷಣ ನಿಲುವು ಕೊಡುತ್ತಾರೆ. ಅಷ್ಟರಲ್ಲಿ ಬಟನ್ ಒತ್ತಬೇಕು. ತಾಳ ಗೊತ್ತಿಲ್ಲದವರಿಗೆ ಆಟದ ಫೋಟೋ ಕಷ್ಟ ಅಂತ ನಾನು ಈಗಲೂ ಹೇಳುತ್ತೇನೆ.

ಬೆಳಕಿನ ಲೆಕ್ಕವೂ ತಿರುಗಾಮುರುಗಾ ಆಯಿತು. ನೆಗೆಟಿವ್ ಫಿಲಂನಲ್ಲಿ ಬೆಳಕು ಸ್ವಲ್ಪ ಜಾಸ್ತಿಯಾದರೆ ಚಿಂತೆ ಇಲ್ಲ. ಕಡಿಮೆಯಾದರೆ ನೆರಳಿನಲ್ಲಿ ಏನೂ ಸಿಗುವುದಿಲ್ಲ. ಡಿಜಿಟಲ್‌ನಲ್ಲಿ ಬೆಳಕು ಜಾಸ್ತಿಯಾಗಿ ಬಿಳಿ ಮಿತಿ ದಾಟಿತೋ, ಉಕ್ಕಿ ಚೆಲ್ಲಿದ ಹಾಲಿನ ಹಾಗೆ, ಮತ್ತೆ ಪಾತ್ರೆಗೆ ಬರುವುದಿಲ್ಲ. ಬಣ್ಣದ ವೇಷದ ಚಿಟ್ಟಿ ಅಕ್ಕಿಹಿಟ್ಟು ಸುಣ್ಣ ಕಲಸಿ ಇಟ್ಟಿದ್ದು. ಪ್ರತಿ ಚುಕ್ಕಿಗೂ ಸಣ್ಣ ನೆರಳಿರುತ್ತದೆ, ಮುಳ್ಳಿನ ಹಾಗೆ ಮೇಲೆದ್ದಿರುತ್ತದೆ. ಆ ನೆರಳು ಹೋದರೆ ಮುಖಕ್ಕೆ ಸುಮ್ನೆ ಬಿಳಿ ಬಣ್ಣ ಬಳಿದಂತೆ ಕಾಣುತ್ತದೆ. ಅದಕ್ಕೆ ಚಿಟ್ಟಿಯನ್ನು ಉಳಿಸಿಕೊಂಡು ಬೆಳಕು ಹಿಡಿಯುವುದು, ನೆರಳನ್ನು ಆಮೇಲೆ ಎತ್ತುವುದು ಅಂತ ರೂಢಿ ಮಾಡಿಕೊಂಡೆ. ಕಚ್ಚಾ ಫೈಲ್, ಅಂದರೆ ರಾ ಫೈಲ್ ಇದ್ದರೆ ಇದು ಸಾಧ್ಯ. ಡಿ70ರ ರಾ 12 ಬಿಟ್‌ನದು, ಒಂದೊಂದು ಬಣ್ಣಕ್ಕೂ ಹೆಚ್ಚೆಂದರೆ 4096 ಮೆಟ್ಟಿಲು. ಜೆಪೆಗ್‌ನಲ್ಲಿ ಇರುವುದು 256. ನೆರಳು ಎತ್ತುವಾಗ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಇಷ್ಟೆಲ್ಲ ಆದ ಮೇಲೆ ಪ್ರಿಂಟ್ ಹಾಕಿಸಿ, ಒಬ್ಬ ಹಿರಿಯ ಕಲಾವಿದರಿಗೆ ಕೊಡಲು ಚೌಕಿಗೆ, ಅಂದರೆ ಬಣ್ಣ ಹಚ್ಚುವ ಕೋಣೆಗೆ, ಹೋದೆ. ಅವರು ಪೆಟ್ಟಿಗೆಯ ಮೇಲೆ ಕೂತು ಕಾಲಿಗೆ ಗೆಜ್ಜೆ ಕಟ್ಟುತ್ತಿದ್ದರು. ಪ್ರಿಂಟನ್ನು ಬಲ್ಬಿನ ಹತ್ತಿರ ಹಿಡಿದು ನೋಡಿದರು. ಮುಖ ನೋಡಲಿಲ್ಲ, ಸೀದಾ ಸೀರೆ ನೋಡಿದರು.

“ತಮಾ, ಕಸೆಯ ಚೌಕುಳಿ ಎಲ್ಲಿ ಹೋತು? ಬರೀ ಕೆಂಪು ಬಳದಂಗೆ ಕಾಣ್ತಲಾ” ಅಂದರು.

ಅವರು ಹೇಳಿದ್ದು ನೂರಕ್ಕೆ ನೂರು ನಿಜ. ಸೀರೆಯ ಮಡಿಕೆ ಇಲ್ಲ, ಗೆರೆ ಇಲ್ಲ. ಕ್ಯಾಮೆರಾದ ಹಿಸ್ಟೋಗ್ರಾಮ್, ಅಂದರೆ ಬೆಳಕಿನ ಹಂಚಿಕೆ ತೋರಿಸುವ ಗ್ರಾಫ್, ನೋಡಿದರೆ ಎಲ್ಲ ಸರಿ ಇತ್ತು. ಕಾರಣ ಹುಡುಕಿದಾಗ ಸಿಕ್ಕಿದ್ದು ಇದು: ಡಿ70 ತೋರಿಸುವುದು ಒಂದೇ ಗ್ರಾಫ್, ಮೂರೂ ಬಣ್ಣ ಸೇರಿದ ಒಟ್ಟು ಬೆಳಕಿನದು. ಗಾಢ ಕೆಂಪಿನಲ್ಲಿ ಹಸಿರು ನೀಲಿ ಭಾಗ ತೀರಾ ಕಡಿಮೆ. ಹಾಗಾಗಿ ಕೆಂಪು ತುದಿ ಮುಟ್ಟಿ ನಿಂತರೂ ಒಟ್ಟು ಲೆಕ್ಕ ನಡುವಿನಲ್ಲೇ ಕಾಣುತ್ತದೆ. ಹ್ಯಾಲೋಜನ್ ದೀಪದ ಬೆಳಕಿನಲ್ಲೇ ಕೆಂಪು ಜಾಸ್ತಿ ಇರುವುದರಿಂದ ಇದು ಇನ್ನೂ ಬೇಗ ಆಗುತ್ತದೆ. ಅಲ್ಲಿಂದ ಮುಂದೆ ಕಸೆ ಸೀರೆ ಇದ್ದ ಕಡೆ ಇನ್ನೂ ಮುಕ್ಕಾಲು ಸ್ಟಾಪ್ ಇಳಿಸಿ ತೆಗೆಯತೊಡಗಿದೆ. ಮುಂದೆ ಡಿ90 ಕೊಂಡೆ. ಅದರಲ್ಲಿ ಕೆಂಪು, ಹಸಿರು, ನೀಲಿಗೆ ಬೇರೆ ಬೇರೆ ಗ್ರಾಫ್ ಇದೆ. ನನ್ನ ಮಟ್ಟಿಗೆ ಮೆಗಾಪಿಕ್ಸೆಲ್‌ಗಿಂತ ಅದೇ ದೊಡ್ಡ ಲಾಭ.

ಇನ್ನು ಲ್ಯಾಬಿನ ವಿಷಯ. ಫೈಲ್ ಕೊಟ್ಟು ತೆಗೆಸುವ ಪ್ರಿಂಟೆಂದರೆ ಇಂಕಿನ ಪ್ರಿಂಟು ಅಂತ ತುಂಬ ಜನ ತಿಳಿದಿದ್ದಾರೆ. ಕಲರ್ ಲ್ಯಾಬಿನ ದೊಡ್ಡ ಯಂತ್ರಗಳಲ್ಲಿ, ಅಂದರೆ ಫ್ಯೂಜಿ ಫ್ರಾಂಟಿಯರ್, ನೊರಿತ್ಸು ಇಂಥವುಗಳಲ್ಲಿ, ಹಾಗಲ್ಲ. ಅಲ್ಲಿ ಕೆಂಪು, ಹಸಿರು, ನೀಲಿ ಲೇಸರ್ ಕಿರಣ ನಿಮ್ಮ ಫೈಲನ್ನು ಬೆಳಕಿಗೆ ಸ್ಪಂದಿಸುವ ಕಾಗದದ ಮೇಲೆ ಬರೆಯುತ್ತದೆ. ಆಮೇಲೆ ಆ ಕಾಗದ ಡೆವಲಪರ್, ಬ್ಲೀಚ್-ಫಿಕ್ಸ್, ತೊಳೆಯುವ ನೀರು ಎಲ್ಲ ದಾಟಿ ಒಣಗಿ ಹೊರಗೆ ಬರುತ್ತದೆ. ನನ್ನ ಬಚ್ಚಲಿನ ಕೆಲಸವೇ, ಯಂತ್ರದ ಹೊಟ್ಟೆಯೊಳಗೆ ನಡೆಯುತ್ತದೆ. ಇದು ಗೊತ್ತಾದ ದಿನ ನನಗೆ ಬಹಳ ಖುಷಿಯಾಯಿತು.

ತೊಂದರೆ ಇದ್ದದ್ದು ಆ ಯಂತ್ರದ ಆಟೋ ಕರೆಕ್ಷನ್‌ನಲ್ಲಿ. ಮದುವೆ, ನಾಮಕರಣದ ಸಾವಿರಾರು ಫೋಟೋ ಹಾಕುವ ಯಂತ್ರ ಅದು. ಪ್ರತಿ ಫೋಟೋವನ್ನೂ ನಡುಮಟ್ಟದ ಬೆಳಕಿಗೆ ತರಲು ನೋಡುತ್ತದೆ. ರಾತ್ರಿಯಾಟದ ಫೋಟೋದಲ್ಲಿ ಮುಕ್ಕಾಲು ಪಾಲು ಕತ್ತಲೆ. ಯಂತ್ರ ಅದನ್ನು ನೋಡಿ ‘ಇದು ತುಂಬ ಕಪ್ಪಾಯಿತು’ ಅಂತ ಎತ್ತುತ್ತದೆ. ಆಗ ಹಿಂದಿನ ಕತ್ತಲೆ ಬೂದಿ ಬಣ್ಣವಾಗಿ, ಮುಖ ಸುಣ್ಣ ಬಳಿದ ಗೋಡೆಯಾಗಿ ಬರುತ್ತದೆ. ಮನೆಯಲ್ಲಿ ಎಷ್ಟು ಹೊತ್ತು ಕೂತು ತಿದ್ದಿದರೂ ಆ ಒಂದು ಬಟನ್ ಎಲ್ಲವನ್ನೂ ಅಳಿಸಿಹಾಕುತ್ತದೆ.

ಹಾಗಾಗಿ ಒಂದು ದಿನ ಪೆನ್‌ಡ್ರೈವ್ ಕೌಂಟರಿನಲ್ಲಿ ಕೊಡದೆ ಒಳಗೆ ಯಂತ್ರದ ಹತ್ತಿರವೇ ಹೋದೆ. ಅಲ್ಲಿ ಕೂತ ಹುಡುಗನಿಗೆ ಕರೆಕ್ಷನ್ ಹಾಕಬೇಡ ಅಂದೆ.

“ಸಾರ್, ಹಾಕದೆ ಬಿಟ್ರೆ ಕಪ್ಪು ಬರ್ತದೆ. ಆಮೇಲೆ ನೀವೇ ಬಯ್ತೀರಿ.”

“ಕಪ್ಪೇ ಬರಲಿ ಮಾರಾಯ. ಹೇಗೆ ಬಂದ್ರೂ ದುಡ್ಡು ಕೊಟ್ಟು ಒಯ್ತೇನೆ.”

ಅವನು ತೋರಿಸಿದ. ಪರದೆಯ ಮೇಲೆ ಪ್ರತಿ ಫೋಟೋದ ಕೆಳಗೆ ಸಯಾನ್, ಮಜೆಂಟಾ, ಯೆಲ್ಲೋ, ಡೆನ್ಸಿಟಿ ಅಂತ ನಾಲ್ಕು ಲೆಕ್ಕ. ನಾಲ್ಕನ್ನೂ ಸೊನ್ನೆಗೆ ತಂದು, ಆಟೋ ಆರಿಸಿ ಪ್ರಿಂಟ್ ಕೊಟ್ಟ. ಮೊದಲ ಬಾರಿಗೆ ಕತ್ತಲೆ ಕತ್ತಲೆಯಾಗಿಯೇ ಬಂತು. ಆದರೆ ಹುಡುಗ ಹೇಳಿದ್ದೂ ಸುಳ್ಳಲ್ಲ. ಇಡೀ ಪ್ರಿಂಟು ನನ್ನ ಕಂಪ್ಯೂಟರಿನಲ್ಲಿ ಕಂಡದ್ದಕ್ಕಿಂತ ಒಂದು ಮಟ್ಟ ಕಪ್ಪಾಗಿತ್ತು.

ಇದು ಬಹಳ ಜನರಿಗೆ ಆಗುವ ತೊಂದರೆ. ಎಲ್ಲರೂ ಬಯ್ಯುವುದು ಲ್ಯಾಬಿಗೆ. ನಿಜವಾದ ಕಾರಣ ಮಾನಿಟರ್. ಅಂಗಡಿಯಲ್ಲಿ ಚೆನ್ನಾಗಿ ಕಾಣಲಿ ಅಂತ ಎಲ್‌ಸಿಡಿ ಮಾನಿಟರುಗಳನ್ನು ತುಂಬ ಪ್ರಕಾಶ ಇಟ್ಟೇ ಕಳಿಸುತ್ತಾರೆ. ಅಷ್ಟು ಬೆಳಗುವ ಪರದೆಯಲ್ಲಿ ಕಪ್ಪು ಫೋಟೋವೂ ಸರಿಯಾಗೇ ಕಾಣುತ್ತದೆ. ಕಾಗದ ತಾನಾಗಿ ಬೆಳಗುವುದಿಲ್ಲ. ಪ್ರಿಂಟಿಗಾಗಿ ಕೆಲಸ ಮಾಡುವವರು ಪರದೆಯ ಬೆಳಕನ್ನು ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾ ಮಟ್ಟಕ್ಕೆ ಇಳಿಸಿಕೊಳ್ಳುತ್ತಾರೆ. ಬೆಂಗಳೂರಿನ ಗೆಳೆಯರೊಬ್ಬರ ಹತ್ತಿರ ಸ್ಪೈಡರ್ ಅನ್ನುವ ಅಳತೆಯ ಸಾಧನವಿತ್ತು. ಪರದೆಯ ಮೇಲೆ ನೇತುಹಾಕಿದರೆ ಅದು ಬಣ್ಣ, ಬೆಳಕು ಎರಡನ್ನೂ ಅಳೆದು ಪರದೆಯ ಬಣ್ಣ ತಿದ್ದುವ ಪ್ರೊಫೈಲ್ ಮಾಡಿಕೊಡುತ್ತದೆ. ಅದನ್ನು ತಂದು ಅಳೆದ ಮೇಲೆ ಪರದೆ ಮೊದಲಿಗೆ ಮಂಕು, ಹಳದಿ ಅನಿಸಿತು. ಒಂದೆರಡು ದಿನದಲ್ಲಿ ಕಣ್ಣು ಹೊಂದಿಕೊಂಡಿತು. ಅಂಥ ಸಾಧನ ಸಿಗದವರು ಪ್ರಿಂಟನ್ನು ಕಿಟಕಿಯ ಬೆಳಕಿನಲ್ಲಿ ಪರದೆಯ ಪಕ್ಕ ಹಿಡಿದು, ಎರಡೂ ಒಂದೇ ಥರ ಕಾಣುವವರೆಗೆ ಮಾನಿಟರಿನ ಬ್ರೈಟ್‌ನೆಸ್ ಇಳಿಸಿದರೂ ಮುಕ್ಕಾಲು ಕೆಲಸ ಆಗುತ್ತದೆ. ಪ್ರಿಂಟಿಗೆ ಹೊಂದುವಂತೆ ಪರದೆಯನ್ನು ತಿದ್ದಬೇಕು. ಯಂತ್ರವನ್ನು ನಿಮ್ಮ ಪರದೆಗೆ ಹೊಂದಿಸಿ ಅಂತ ಲ್ಯಾಬಿನವರಿಗೆ ಹೇಳಿ ಉಪಯೋಗವಿಲ್ಲ.

ನಾನು ಕಂಡುಕೊಂಡದ್ದು ಇದು. ಡಾರ್ಕ್‌ರೂಮಿನಲ್ಲಿ ನಾನೊಬ್ಬನೇ ಮಾಡುತ್ತಿದ್ದ ಕೆಲಸ ಡಿಜಿಟಲ್‌ನಲ್ಲಿ ಎರಡು ಪಾಲಾಯಿತು. ಅರ್ಧ ನನ್ನ ಮೇಜಿನ ಮೇಲೆ, ಇನ್ನರ್ಧ ಪೇಟೆಯ ಲ್ಯಾಬಿನಲ್ಲಿ. ಎರಡೂ ಕಡೆಯವರಿಗೆ ಒಂದೇ ಫೋಟೋ ಕಾಣುವ ಹಾಗೆ ಮಾಡಿದರೆ ಪ್ರಿಂಟ್ ಚೆನ್ನಾಗಿ ಬರುತ್ತದೆ. ಬಾಕಿ ಕ್ಯಾಮೆರಾ, ಸಾಫ್ಟ್‌ವೇರ್ ಎಲ್ಲ ಅದರ ನಂತರದ ಮಾತು.

ಅದಕ್ಕಾಗಿ ಹಳೆಯ ಟೆಸ್ಟ್ ಪಟ್ಟಿಯನ್ನೇ ಹೊಸ ರೀತಿಯಲ್ಲಿ ಮಾಡಿಕೊಂಡೆ. 8x12 ಇಂಚಿನ ಒಂದು ಫೈಲು. ಅದರಲ್ಲಿ ಬೇರೆ ಬೇರೆ ಫೋಟೋಗಳ ತುಂಡು. ಚಿಟ್ಟಿಯ ಬಿಳಿ, ಕಸೆಯ ಕೆಂಪು, ರಾಕ್ಷಸ ವೇಷದ ಕಪ್ಪು ದಾಡಿ, ಸ್ತ್ರೀವೇಷದ ಹಸಿರು, ಬಣ್ಣ ಹಚ್ಚುವ ಮೊದಲಿನ ಮಾಮೂಲಿ ಮುಖ, ದೇವಸ್ಥಾನದ ಕಲ್ಲಿನ ಮೆಟ್ಟಿಲು. ಕೆಳಗೆ ಕಪ್ಪಿನಿಂದ ಬಿಳಿಯವರೆಗೆ ಬೂದು ಬಣ್ಣದ ಮೆಟ್ಟಿಲು ಮೆಟ್ಟಿಲಾದ ಪಟ್ಟಿ. ಇದನ್ನು ಕರೆಕ್ಷನ್ ಇಲ್ಲದೆ ಹಾಕಿಸುತ್ತೇನೆ. ಬೂದು ಪಟ್ಟಿ ಬೂದಾಗಿಯೇ ಇದ್ದರೆ ಯಂತ್ರದ ಕೆಮಿಕಲ್ ಆವತ್ತು ಸರಿ ಇದೆ. ಸ್ವಲ್ಪ ಹಸಿರೋ ಗುಲಾಬಿಯೋ ಕಂಡರೆ ಹುಡುಗನಿಗೆ ಹೇಳುತ್ತೇನೆ. ಅವನು ಕಾಗದಕ್ಕೆ ಬಣ್ಣ ಹೊಂದಿಸುವ ಯಂತ್ರದ ಪೇಪರ್ ಸೆಟಪ್ ಮತ್ತೆ ಮಾಡುತ್ತಾನೆ. ಬೆಳಿಗ್ಗೆ ಆ ಸೆಟಪ್ ಆದ ಮೇಲೆ ಹೋಗುವುದೇ ವಾಸಿ. ಪ್ರಿಂಟನ್ನು ಅಂಗಡಿಯ ದೀಪದಡಿ ನೋಡಿ ತೀರ್ಮಾನ ಮಾಡುವುದಿಲ್ಲ. ಹೊರಗೆ ಬಂದು, ಬಿಸಿಲು ಬೀಳದ ನೆರಳಿನಲ್ಲಿ ಹಗಲು ಬೆಳಕಿಗೆ ಹಿಡಿದು ನೋಡುತ್ತೇನೆ.

ಬಣ್ಣದ ಹರವಿನ, ಅಂದರೆ ಫೈಲು ಎಷ್ಟು ಬಣ್ಣ ಹಿಡಿಯುತ್ತದೆ ಅನ್ನುವ, ಗೊಂದಲ ಒಂದಿತ್ತು. ಅಡೋಬ್ ಆರ್‌ಜಿಬಿಯಲ್ಲಿ ಬಣ್ಣ ಜಾಸ್ತಿ ಹಿಡಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಅದು ಸರಿ. ಆದರೆ ಬಹುಪಾಲು ಲ್ಯಾಬಿನ ಯಂತ್ರ ಬಂದ ಫೈಲೆಲ್ಲ ಅದಕ್ಕಿಂತ ಚಿಕ್ಕ ಹರವಾದ ಎಸ್‌ಆರ್‌ಜಿಬಿ ಅಂತಲೇ ಓದುತ್ತದೆ. ಆಗ ಕೆಂಪು ಹಸಿರು ಎರಡೂ ಸೊರಗುತ್ತವೆ. ಕೊನೆಯ ಹಂತದಲ್ಲಿ ಎಸ್‌ಆರ್‌ಜಿಬಿಗೆ ಕನ್ವರ್ಟ್ ಮಾಡಿ ಕೊಟ್ಟರೆ ಸಾಕು. ಹಾಗೆ ಮಾಡುವಾಗ ಕಸೆಯ ಕೆಂಪು ಮತ್ತೆ ತುದಿ ಮುಟ್ಟುತ್ತದೆ. ಅದಕ್ಕೆ ಕೆಂಪಿನ ಸ್ಯಾಚುರೇಷನ್ ಒಂದಿಷ್ಟು ಇಳಿಸುತ್ತೇನೆ. ಪರದೆಯಲ್ಲಿ ಕೆಂಪು ಕಡಿಮೆಯಾಯಿತು ಅನಿಸುತ್ತದೆ. ಕಾಗದದಲ್ಲಿ ಚೌಕುಳಿ ಎದ್ದು ಕಾಣುತ್ತದೆ.

ಅಳತೆಯಲ್ಲೂ ಎಚ್ಚರ ಬೇಕು. 35 ಎಂಎಂ ಫಿಲಂನ ಹಾಗೇ ಈ ಕ್ಯಾಮೆರಾಗಳ ಚೌಕಟ್ಟು 2:3. ಸ್ಟುಡಿಯೋಗಳ ಹಳೆಯ ಅಳತೆ 8x10, 10x12, 12x15 ಇದಕ್ಕೆ ಹೊಂದುವುದಿಲ್ಲ. ಯಂತ್ರ ಎರಡು ತುದಿ ಕತ್ತರಿಸುತ್ತದೆ. ಯಕ್ಷಗಾನದಲ್ಲಿ ಮೇಲಿನ ತುದಿ ಅಂದರೆ ಕಿರೀಟ. ಕಿರೀಟದ ತುದಿ ಹೋದ ಫೋಟೋವನ್ನು ಯಾವ ಕಲಾವಿದರೂ ಗೋಡೆಗೆ ಹಾಕುವುದಿಲ್ಲ. ಅದಕ್ಕೆ 8x12 ಅಥವಾ 12x18. ಬೇರೆ ಅಳತೆಯ ಫ್ರೇಮ್ ಇದ್ದರೆ ಸುತ್ತ ಬಿಳಿ ಅಂಚು ಬಿಟ್ಟು ನಾನೇ ಫೈಲ್ ಮಾಡಿಕೊಡುತ್ತೇನೆ. ಡಿ70ರ ಫೈಲು 3008x2000 ಪಿಕ್ಸೆಲ್. 8x12ಕ್ಕೆ ಇಂಚಿಗೆ 250 ಪಿಕ್ಸೆಲ್ ಸಿಗುತ್ತದೆ, ಚೆನ್ನಾಗಿ ಬರುತ್ತದೆ. 12x18ಕ್ಕೆ ಹೋದರೆ 167. ಕೈಯಲ್ಲಿ ಹಿಡಿದು ನೋಡಿದರೆ ಬೇಗಡೆಯ ಕುಸುರಿ ಸ್ವಲ್ಪ ಮೆತ್ತಗೆ ಕಾಣುತ್ತದೆ, ಗೋಡೆಯ ಮೇಲೆ ಗೊತ್ತಾಗುವುದಿಲ್ಲ. ಡಿ90ರಲ್ಲಿ ಅದೇ ಅಳತೆಗೆ 238 ಸಿಗುತ್ತದೆ.

ಕಾಗದದ ಬಗ್ಗೆ ನನ್ನ ಅಭಿಪ್ರಾಯ ಖಚಿತ. ಗ್ಲಾಸಿ ಬೇಡ. ಕಪ್ಪು ಆಳವಾಗಿ ಬರುತ್ತದೆ, ನಿಜ. ಆದರೆ ನಮ್ಮೂರಿನ ಮಳೆಗಾಲದಲ್ಲಿ ಗ್ಲಾಸಿ ಪ್ರಿಂಟು ಫ್ರೇಮಿನ ಗಾಜಿಗೆ ಅಂಟಿಕೊಂಡು, ಬಿಡಿಸಲು ಹೋದರೆ ಮುಖವೇ ಕಿತ್ತು ಬರುತ್ತದೆ. ಮ್ಯಾಟ್ ಕಾಗದ ಇರಲಿ, ಗಾಜಿಗೂ ಪ್ರಿಂಟಿಗೂ ನಡುವೆ ಮೌಂಟ್ ಬೋರ್ಡ್ ಹಾಕಿಸಿ. ಫ್ರೇಮಿನ ಅಂಗಡಿಯವರು ಯಾಕೆ ಸುಮ್ನೆ ಖರ್ಚು ಅಂತಾರೆ. ಹಾಕಿಸಲೇಬೇಕು.

ಕಪ್ಪು-ಬಿಳುಪು ಮಾತ್ರ ಈ ಯಂತ್ರದಲ್ಲಿ ನನಗೆ ಒಗ್ಗಲಿಲ್ಲ. ಕಲರ್ ಪೇಪರಿನಲ್ಲಿ ಬೂದು ಬಣ್ಣ ಬರುವುದು ಮೂರು ಬಣ್ಣ ಸೇರಿ. ಒಂದು ಕೂದಲೆಳೆಯಷ್ಟು ಹೆಚ್ಚು ಕಡಿಮೆ ಆದರೂ ಫೋಟೋ ಹಸಿರಿಗೋ ಗುಲಾಬಿಗೋ ವಾಲುತ್ತದೆ. ಹಾಗಾಗಿ ಚೌಕಿಯೊಳಗಿನ ಚಿತ್ರಗಳನ್ನು ಬೆಂಗಳೂರಿನಲ್ಲಿ ಇಂಕ್‌ಜೆಟ್‌ನಲ್ಲಿ ಹಾಕಿಸಿದೆ. ಎಪ್ಸನ್‌ನ ಪಿಗ್ಮೆಂಟ್ ಇಂಕಿನ ಯಂತ್ರ. ಕಪ್ಪು, ತಿಳಿ ಕಪ್ಪು, ಇನ್ನೂ ತಿಳಿ ಕಪ್ಪು ಅಂತ ಮೂರು ಇಂಕು ಒಟ್ಟಿಗೆ ಬೂದು ಕಟ್ಟುತ್ತವೆ. ಕಾಗದ ಹಾನೆಮ್ಯೂಲೆ ಫೋಟೋ ರ‍್ಯಾಗ್, ಪೂರ್ತಿ ಹತ್ತಿಯದು. ಕೈಗೆ ಬಟ್ಟೆ ಮುಟ್ಟಿದ ಹಾಗಾಗುತ್ತದೆ. ಬೂದಿನ ಏರಿಳಿತ ನಾನು ಬಚ್ಚಲಲ್ಲಿ ತೆಗೆದದ್ದಕ್ಕಿಂತ ಎಷ್ಟೋ ನಯ. ಆದರೆ ಮ್ಯಾಟ್ ಕಾಗದದ ಕಪ್ಪು ಹಳೆಯ ಬ್ರೋಮೈಡಿನಷ್ಟು ಆಳಕ್ಕೆ ಇಳಿಯುವುದಿಲ್ಲ. ಕಪ್ಪು ದಾಡಿಯ ವೇಷಕ್ಕೆ ಬರೈಟಾ ಜಾತಿಯ ಹೊಳಪಿನ ಕಾಗದವೇ ಸರಿ.

ಈಗ ಎಚ್‌ಪಿ5ರ ಹಳೆಯ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡುತ್ತಿದ್ದೇನೆ. ನಿಕಾನ್ ಕೂಲ್‌ಸ್ಕ್ಯಾನ್, ಇಂಚಿಗೆ 4000 ಚುಕ್ಕಿ. ಒಂದು ಫ್ರೇಮಿನಿಂದ 2 ಕೋಟಿ ಪಿಕ್ಸೆಲ್ ದಾಟಿದ ಫೈಲ್ ಬರುತ್ತದೆ. ಕಲರ್ ನೆಗೆಟಿವ್ ಆದರೆ ಸ್ಕ್ಯಾನರಿನ ಇನ್‌ಫ್ರಾರೆಡ್ ಕಿರಣವೇ ಧೂಳು ಗೀರು ಗುರುತಿಸಿ ಅಳಿಸುತ್ತದೆ. ಕಪ್ಪು-ಬಿಳುಪಿನ ನೆಗೆಟಿವ್‌ನಲ್ಲಿ ಬೆಳ್ಳಿಯೇ ಆ ಕಿರಣವನ್ನು ತಡೆಯುವುದರಿಂದ ಅದು ನಡೆಯುವುದಿಲ್ಲ. ಫಂಗಸ್, ಧೂಳು ಎಲ್ಲ ಕೈಯಿಂದಲೇ ತೆಗೆಯಬೇಕು. ಒಂದು ಫ್ರೇಮಿಗೆ ಒಂದು ಸಂಜೆ ಹೋಗುವುದೂ ಉಂಟು. ಇವುಗಳಲ್ಲಿರುವ ಕಲಾವಿದರಲ್ಲಿ ಹಲವರು ಈಗಿಲ್ಲ. ಅವರ ಮನೆಯವರಿಗೆ ಒಂದೊಂದು 12x18 ಬರೈಟಾ ಪ್ರಿಂಟ್ ಮಾಡಿಸಿ ಕೊಡಬೇಕು ಅಂತ ಪಟ್ಟಿ ಮಾಡಿಕೊಂಡಿದ್ದೇನೆ. ಮಳೆಗಾಲದಲ್ಲಿ ಮೇಳಗಳ ತಿರುಗಾಟ ಇರುವುದಿಲ್ಲ, ರಾತ್ರಿ ನಿದ್ದೆಗೆಡುವ ಕೆಲಸವಿಲ್ಲ. ಸ್ಕ್ಯಾನಿಂಗ್ ಆಗ ಮುಗಿಸಿ, ದೀಪಾವಳಿಯ ಹೊತ್ತಿಗೆ ಮೊದಲ ಕಂತು ಪ್ರಿಂಟಿಗೆ ಕಳಿಸುತ್ತೇನೆ.